ಬುಗುರಿ ಬಿಚ್ಚಿದ ಬೀಗ

ಬುಗುರಿಯ ಮುತ್ತಜ್ಜ ಉಗ್ರಾಣದ ಬಾಗಿಲಿಗೆ ಮೊಳದುದ್ದದ ಬೀಗ ಬಡಿದು ಕೂರಿಸಿದವನು. ಅಜ್ಜ, ಹನ್ನೊಂದು ವರ್ಷ ತುಕ್ಕು ತಿಂದು ಬಿದ್ದಿದ್ದ ತಿಜೋರಿಗೆ ಕಿವಿಯಿಟ್ಟು, ಸದ್ದು ಕೇಳಿಯೇ ತೆರೆದವನು. ಅಪ್ಪನೂ ಕಸುಬಿನಲ್ಲಿ ಕಮ್ಮಿಯಿರಲಿಲ್ಲ. ಬಾಯಿ ಮಾತ್ರ ಸ್ವಲ್ಪ ಜಾಸ್ತಿ.

ಬುಗುರಿ ಅವನ ಒಬ್ಬಳೇ ಮಗಳು, ಹನ್ನೆರಡು ವರ್ಷದವಳು. ಕೂತಲ್ಲಿ ಕೂರಳು, ನಿಂತಲ್ಲಿ ನಿಲ್ಲಳು ಎಂದು ಓಣಿಯವರು ಇಟ್ಟ ಹೆಸರು ಅದು. ಎರಡು ವರ್ಷದಿಂದ ದಿನಾ ಅಂಗಡಿಯಲ್ಲಿ ಅವಳಿಗೆ ಪಾಠ. ಅಪ್ಪ ಸ್ಲೇಟಿನ ಮೇಲೆ ಬೀಗದ ಹೊಟ್ಟೆ ಬರೆದು, ಇದು ಕೀ ತೂರಿ ತಿರುಗುವ ಉರುಳೆ, ಇವು ಅದನ್ನು ತಡೆಯುವ ಪಿನ್ನು, ಮೇಲಿನವು ಪಿನ್ನನ್ನು ಒತ್ತುವ ಸ್ಪ್ರಿಂಗು ಎಂದು ಹೇಳಿದ್ದನ್ನೇ ಹೇಳುವನು. ಮುಟ್ಟಹೋದರೆ, ಎಳ್ಳಿನಷ್ಟು ಸಾಮಾನು, ಕಳೆದೀಯೆ ಎಂದು ಗದರುವನು. ಅವಳ ಕಾಲು ನೆಲ ಕುಟ್ಟುತ್ತಿತ್ತು, ಕಣ್ಣು ಬೀದಿಗೆ ಓಡುತ್ತಿತ್ತು, ತಲೆಗೆ ಒಂದಕ್ಷರ ಇಳಿಯುತ್ತಿರಲಿಲ್ಲ. ಕಡೆಗೆ ಒಂದು ಬೆಳಗ್ಗೆ ಅಪ್ಪ, ಇದು ಇವಳಿಂದ ಆಗುವ ಕೆಲಸವಲ್ಲ, ಅಜ್ಜನ ಸಾಮಾನಿನ ಪೆಟ್ಟಿಗೆಯನ್ನು ನಾಳೆ ಅವಳ ಸೋದರಮಾವನಿಗೆ ಕೊಟ್ಟುಬಿಡುತ್ತೇನೆ ಎಂದ. ಬುಗುರಿ ಅನ್ನದ ತಟ್ಟೆ ಬದಿಗೆ ಸರಿಸಿ ಎದ್ದಳು.

ಅದೇ ಮಧ್ಯಾಹ್ನ ಓಣಿಯ ಟೈಲರ್ ತನ್ನ ಅಂಗಡಿ ಬಾಗಿಲಿನ ಬೀಗ ಬಿಚ್ಚಿಕೊಂಡು ಬಂದ. ಕೀ ಕಳೆದಿತ್ತು, ಒಳಗಿನ ಪಿನ್ನು ಬದಲಿಸಿ ಹೊಸ ಕೀ ಮಾಡಬೇಕಿತ್ತು. ಅಪ್ಪನ ಬಲಗೈ ಹೆಬ್ಬೆರಳೋ ಕೀ ಉಜ್ಜುವ ಅರ ತಾಗಿ ಗಾಯವಾಗಿ, ಬಟ್ಟೆ ಸುತ್ತಿಕೊಂಡು ಕೂತಿತ್ತು.

"ಸಂಜೆಯೊಳಗೆ ಆಗ್ಲಿಲ್ಲಾಂದ್ರೆ ಇವತ್ತು ರಾತ್ರಿ ನನ್ನಂಗಡಿ ಬಾಗಿಲಿಗೆ ನಾನೇ ಬೀಗ ಆಗಿ ಮಲಗ್ಬೇಕು," ಎಂದು ಗೊಣಗಿ ಟೈಲರ್ ಹೋದ.

ಅಪ್ಪ ಹೇಗೋ ಎಡಗೈಯಲ್ಲೇ ಹೊಸ ಕೀ ಉಜ್ಜಿಟ್ಟು, ಬೀಗದ ಉರುಳೆಯನ್ನು ಸಡಿಲಿಸಿ, ಬೆರಳಿನ ಬಟ್ಟೆ ಬದಲಿಸಲು ಒಳಗೆ ಹೋದ. ಬುಗುರಿ ತಡೆಯಲಾರದೆ ಉರುಳೆಯನ್ನು ಹಿಡಿದು ಎಳೆದೇಬಿಟ್ಟಳು. ಸ್ಪ್ರಿಂಗುಗಳು ಮಿಡತೆಯ ಹಾಗೆ ಹಾರಿದವು. ಮಂಡಿಯೂರಿ, ನೆಲ ಸವರಿ, ಒಂದೊಂದನ್ನೇ ಹೆಕ್ಕಿ ತುಂಬಿದಳು. ಮತ್ತೆ ಎಳೆದಳು, ಮತ್ತೆ ಹಾರಿದವು. ಮೂರನೇ ಸಲ ಕೈ ತಾನಾಗಿ ಅಲ್ಲಿದ್ದ, ಉರುಳೆಯಷ್ಟೇ ದಪ್ಪದ ಕಡ್ಡಿಯನ್ನು ಎತ್ತಿ ಉರುಳೆಯ ಬೆನ್ನಿಗೆ ಕೊಟ್ಟಿತು. ಉರುಳೆ ಈಚೆ ಬಂತು, ಕಡ್ಡಿ ಆ ಜಾಗಕ್ಕೆ ಹೋಯಿತು, ಸ್ಪ್ರಿಂಗು ಒಂದೂ ಕದಲಲಿಲ್ಲ.

ಅಪ್ಪ ಹೊಸ್ತಿಲಲ್ಲೇ ನಿಂತಿದ್ದ. "ಕಡ್ಡಿ ಕೊಡದೆ ಎಳೀಬೇಡ ಅಂತ ನೂರು ಸಲ ಹೇಳಿಲ್ವೇನೇ?"

"ನೀನು ಹೇಳಿದ್ದೆ ಕಣಪ್ಪ. ಯಾಕೆ ಅಂತ ಈಗ ಗೊತ್ತಾಯ್ತು."

ಅಪ್ಪ ಹೊಸ ಪಿನ್ನಿನ ಡಬ್ಬಿಯನ್ನು ಅವಳ ಕಡೆ ತಳ್ಳಿದ. ಅವಳು ಹಳೆಯ ಪಿನ್ನು ತೆಗೆದು, ಹೊಸವನ್ನು ಕೀಗೆ ಹೊಂದಿಸಿ ಕೂರಿಸಿ, ಕೀ ತಿರುಗಿಸಿದಳು. ಅರ್ಧಕ್ಕೆ ಸಿಕ್ಕಿಕೊಂಡಿತು. ಹೊರಗೆ ಬಿಸಿಲು ವಾಲುತ್ತಿತ್ತು. ಅಪ್ಪ ಅಜ್ಜನ ಪೆಟ್ಟಿಗೆ ತಂದು ಅವಳ ಮಗ್ಗುಲಲ್ಲಿ ಇಟ್ಟ. ಇದು ಇಲ್ಲೇ ಇರಲಿ ಎಂದು ಮೆಲ್ಲಗೆ ಹೇಳಿ, ಬೀಗಕ್ಕೆ ಕೈ ಚಾಚಿದ. ಅವಳು ಬೀಗವನ್ನು ಎದೆಗೆ ಅವುಚಿಕೊಂಡು ಗೋಡೆಯ ಕಡೆ ತಿರುಗಿ ಕೂತಳು.

"ಬೇಡಪ್ಪ, ನೀನು ಮುಟ್ಟಬೇಡ. ಮೂರನೇ ಪಿನ್ನು ಒಂದು ಕೂದಲಷ್ಟು ಉದ್ದ ಆಗಿದೆ. ಟೈಲರ್ ಬಂದ್ರೆ ಒಂದು ಗಳಿಗೆ ಕೂರಿಸ್ಕೊ. ನಾನೇ ಉಜ್ಜಿ ಸರಿ ಮಾಡ್ತೀನಿ."