ಅಪ್ಪನ ಜಾಗದಿಂದ ಬಂದ ದನಿ

ದೆವ್ವ, ಪವಾಡ ಎಂದವರ ಮುಖದ ಮೇಲೇ ನಕ್ಕುಬಿಡುತ್ತಿದ್ದವಳು ನಾನು. ಈಗ ಹಾಗೆ ನಗಲಾರೆ. ಅದಕ್ಕೆ ಅರವತ್ತರ ದಶಕದ ಒಂದು ಈಸ್ಟರ್ ಭಾನುವಾರವೇ ಕಾರಣ.

ಮಧುಗಿರಿಯ ನಮ್ಮ ಪುಟ್ಟ ಚರ್ಚಿನಲ್ಲಿ ಒಂದೇ ಹಾಡನ್ನು ಮೇಲಿನಿಂದ ತಳದವರೆಗೆ ನಾಲ್ಕು ಬೇರೆ ಬೇರೆ ದನಿ ಸೇರಿಸಿ ಹಾಡುತ್ತಿದ್ದರು. ಧಾಟಿ ಯುರೋಪಿನದು, ನಾನೂರು ವರ್ಷ ಹಳೆಯದು, ಮಾತು ಅಚ್ಚಗನ್ನಡ. ಹಿಂದೆ ಪಾದ್ರಿಯೊಬ್ಬರು ಕಲಿಸಿಹೋದದ್ದನ್ನು ನಮ್ಮವರು ಜಮೀನಿನಂತೆ ಪಾಲು ಮಾಡಿಕೊಂಡಿದ್ದರು. ಒಂದು ಮನೆಗೆ ಒಂದು ದನಿ. ಇನ್ನೊಬ್ಬರ ಮನೆಯ ದನಿಯನ್ನು ಯಾರೂ ಹಾಡುವಂತಿಲ್ಲ. ಎಲ್ಲಕ್ಕಿಂತ ಕೆಳಗಿನ ತಳದ ದನಿ ನಮ್ಮ ಮನೆಯದು. ಅಪ್ಪ ಗಾರೆ ಕೆಲಸದವನು. ಅವನು ಬಾಯಿ ತೆರೆದರೆ ಬೆಂಚು ಅದುರುತ್ತಿತ್ತು. ಜಂಬ ಅನ್ನುತ್ತೀರಾ? ಅನ್ನಿ, ಜಂಬವೇ.

ಅವನಿಗೆ ನಾನೊಬ್ಬಳೇ ಮಗಳು, ಗಂಡುಮಕ್ಕಳಿಲ್ಲ. ಹೆಣ್ಣಿನ ಗಂಟಲಿಗೆ ತಳದ ದನಿ ಎಟುಕದೆಂದು ನನ್ನನ್ನು ಹಾಡುವವರ ಸಾಲಿಗೆ ಸೇರಿಸಿರಲಿಲ್ಲ. ಹೀಗಿರುವಾಗ ಅಪ್ಪನ ಗಂಟಲಿಗೆ ಆಪರೇಷನ್ ಆಗಿ ದನಿ ಹೋಯಿತು. ಪಿಸುಮಾತಷ್ಟೇ ಉಳಿಯಿತು.

ಆ ಈಸ್ಟರಿಗೆ ತುಮಕೂರಿನ ಹಾಡುಗಾರರು ನಮ್ಮ ಹಾಡು ಕೇಳಲೆಂದೇ ಬಂದಿದ್ದರು. ಹಾಡಿಸುವ ರಾಹೇಲಮ್ಮ ಅಪ್ಪನಿಗೆ, "ಈ ಸಲ ಎಲ್ರೂ ಒಂದೇ ದನೀಲಿ ಹಾಡ್ಬುಡ್ತೀವಿ ಕಣಣ್ಣ. ತಳ ಇಲ್ದೆ ಹೆಂಗೆ?" ಎಂದರು.

"ನನ್ ಜಾಗದಾಗೆ ನಾನ್ ನಿಂತ್ಕತೀನಿ. ನಾಲ್ಕು ದನೀಲೇ ಹಾಡ್ರಿ. ನಮ್ಮನೆ ದನಿ ಹೋಯ್ತು ಅಂತ ನಾನು ಒಪ್ಕಳಾಕಿಲ್ಲ" ಎಂದು ಅಪ್ಪ ಪಿಸುಗುಟ್ಟಿದ. ಅಬ್ಬಾ, ಎಂಥ ಹಟ! ಬಿದ್ದುಗಿದ್ದಾನೆಂದು ನಾನು ಅವನ ಬೆನ್ನಿಗೆ ಕೈಯೊತ್ತಿ ಪಕ್ಕದಲ್ಲೇ ನಿಂತೆ.

ಹಾಡು ಶುರುವಾಯಿತು. ಮೇಲಿನ ಮೂರು ದನಿಗಳು ಎದ್ದವು. ತಳದ ದನಿ ಬರಬೇಕಾದ ಕಡೆ, ಬಂತು! ಹಾಡಹಗಲು, ಚರ್ಚಿನ ತುಂಬ ಜನ. ಪ್ರಾಯದಲ್ಲಿ ಅಪ್ಪನಿಗಿದ್ದ ಅದೇ ತುಂಬುದನಿ, ಕೊನೆಯ ಸಾಲಿನವರೆಗೂ. ನನ್ನ ಕೈಯಡಿ ಅವನ ಬೆನ್ನು ಒಂದಿಷ್ಟೂ ಅದುರಲಿಲ್ಲ. ತಿರುಗಿ ನೋಡಿದರೆ ಅವನ ತುಟಿ ಮುಚ್ಚಿತ್ತು. ನನ್ನನ್ನೇ ನೋಡುತ್ತಿದ್ದ.

ತುಮಕೂರಿನವರು ತಳದ ದನಿಯನ್ನೇ ಹೊಗಳಿದರು. ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿ, "ಯಾವಾಗ ಕಲ್ತೆ ಮಗಾ?" ಎಂದ.

"ನಾನು ಬಾಯೇ ಬುಡ್ಲಿಲ್ಲ ಕಣಪ್ಪ!"

"ಸುಮ್ಕಿರು. ನಿನ್ ಕಡೆಯಿಂದ್ಲೇ ಬಂತು. ಹೋಗಿರೋದು ನನ್ ಗಂಟ್ಲು, ಕಿವಿ ಅಲ್ಲ."

ಎಷ್ಟು ಆಣೆ ಇಟ್ಟರೂ ನಂಬಲಿಲ್ಲ. ಸಾಯುವವರೆಗೂ, ಅವತ್ತು ಹಾಡಿದ್ದು ನನ್ನ ಮಗಳು ಎಂದು ಮನೆಗೆ ಬಂದವರಿಗೆಲ್ಲ ಎದೆಯುಬ್ಬಿಸಿ ಹೇಳಿದ. ಹಾಡಿದ್ದು ನಾನಲ್ಲ, ಅವನೂ ಅಲ್ಲ. ಮತ್ತೆ ಯಾರು? ಯೋಚಿಸಿ ಯೋಚಿಸಿ ಸೋತಿದ್ದೇನೆ.

ಆ ಈಸ್ಟರಿನ ಮುಂದಿನ ಭಾನುವಾರವೇ ಅಪ್ಪ ನನ್ನನ್ನು ಹಿಡಿದು ತನ್ನ ಜಾಗಕ್ಕೆ ನೂಕಿದ. ರಾಹೇಲಮ್ಮ ಬೇಡವೆನ್ನಲಿಲ್ಲ. ಹೆದರುತ್ತಲೇ ಬಾಯಿ ತೆರೆದೆ. ಬಂದದ್ದು ತೆಳ್ಳನೆಯ ಹೆಣ್ಣುದನಿ. ಆದರೆ ಒಂದು ಸ್ಥಾಯಿ ಮೇಲಿದ್ದರೂ ತಳದ ಸ್ವರ ಒಂದೂ ತಪ್ಪಲಿಲ್ಲ. ಅವನ್ನು ನನಗೆ ಯಾರೂ ಕಲಿಸಿರಲಿಲ್ಲ. ಪ್ರಾಯ ಬಂದಾಗಿನಿಂದ ಹಾಡುವವರ ಸಾಲಿನಲ್ಲೇ ನಿಂತಿದ್ದ ಅಪ್ಪ, ಅವತ್ತು ಮೊದಲ ಸಲ ಕೇಳುವವರ ಬೆಂಚಿನಲ್ಲಿ ಕುಳಿತಿದ್ದ.