ಕೊಳವೆಯ ಗಾಳಿ ಬಿಡಿಸುವ ಸೆಂಗಾ

ಕ್ಲೈಡ್ ನದಿ ದಡದ ಊರು ಗ್ರೀನಕ್‌ನ ಜನವರಿ ಚಳಿ ಎಂದರೆ ಸಾಮಾನ್ಯವೇ? ಬಾಯಿಂದ ಹೊರಟ ಮಾತು ಅಲ್ಲೇ ಗಟ್ಟಿಯಾಗಿ ಕಾಲ ಮೇಲೆ ಬೀಳುತ್ತದೆ. ಬೈಗುಳವಾದರೆ ಹೆಬ್ಬೆರಳೇ ಜಜ್ಜಿಹೋಗುತ್ತದೆ. ಅಂಥದೊಂದು ಮುಂಜಾವಿನಲ್ಲಿ ಗುಡ್ಡದ ಮೇಲಿನ ಮನೆಯೊಂದರಲ್ಲಿ, ಬಿಸಿನೀರು ಹರಿದು ಕೋಣೆ ಬೆಚ್ಚಗಿಡಬೇಕಾದ ರೇಡಿಯೇಟರ್ ಮುಂದೆ ಸೆಂಗಾ ರಾಫರ್ಟಿ ಮಂಡಿಯೂರಿ ಕೂತಿದ್ದಾರೆ. ಬೆರಳ ತುದಿಯಲ್ಲಿ ಸಿಗರೇಟು ಸುತ್ತುವ ತೆಳು ಕಾಗದ. ಮೂಲೆಯ ತಿರುಪನ್ನು ಪುಟ್ಟ ಕೀಲಿಯಿಂದ ಸಡಿಲಿಸಿ, ಬುಸ್ಸೆನ್ನುವ ತೂತಿನ ಬಳಿ ಕಾಗದ ಹಿಡಿಯುತ್ತಾರೆ. ಒಳಗಿನ ಗಾಳಿ ಹೊರಬರುತ್ತಿದ್ದರೆ ಅದು ಪಟಪಟ ಹಾರಬೇಕು. ಹಾರುವುದಿಲ್ಲ. ಜಿಗಣೆಯಂತೆ ತೂತಿಗೇ ಕಚ್ಚಿಕೊಳ್ಳುತ್ತದೆ.

"ಡೂಗಲಜ್ಜ, ದಿನಾ ಇದನ್ನ ತಿರುಗಿಸ್ತಿದ್ರಾ?"

"ಬೆಳಗ್ಗೆ, ಸಂಜೆ! ಬುಸ್ ಅಂತ ಗಾಳಿ ಬಿಟ್ಟೇ ಬಿಟ್ಟೆ ತಾಯಿ. ಹಡಗು ಕಟ್ಟಿದ ಕೈ ಇದು," ಎನ್ನುತ್ತಾರೆ ಮನೆಯ ಯಜಮಾನ, ಮೂರು ಸ್ವೆಟರಿನೊಳಗಿಂದ.

"ಹಡಗು ಮುಳುಗಿಸೋದೂ ಹಿಂಗೇನೇ. ನೀವು ಗಾಳಿ ಬಿಟ್ಟಿಲ್ಲ, ಕುಡಿಸಿದ್ದೀರಿ."

ಊರಿಗೆ ಊರೇ ಮಾಡುವ ತಪ್ಪು ಇದು. ರೇಡಿಯೇಟರ್ ತಣ್ಣಗಾಯಿತೋ, ಕೀಲಿ ತಿರುಗಿಸು, ಬುಸ್ ಎನಿಸು, ಎದೆಯುಬ್ಬಿಸು. ಕೊಳವೆಗಳಿಗೆ ನೀರುಣಿಸುವ ಅಟ್ಟದ ಮೇಲಿನ ಟ್ಯಾಂಕಿ ಬತ್ತಿದ್ದರೆ ಅದೇ ಬುಸ್ ಒಳಮುಖ. ಒಂದೊಂದು ತಿರುವಿಗೂ ಮನೆ ಇನ್ನಷ್ಟು ಗಾಳಿ ನುಂಗಿ ಇನ್ನಷ್ಟು ತಣ್ಣಗಾಗುತ್ತದೆ.

ಡೂಗಲ್ ಮೆಕ್‌ಗ್ಲೋನ್ ಕುರ್ಚಿಗೆ ಕುಸಿಯುತ್ತಾರೆ. ಮಧ್ಯಾಹ್ನ ಅವರ ಹೆಂಡತಿ ನೆಟ್ಟಿ ಆಸ್ಪತ್ರೆಯಿಂದ ಬರಬೇಕು. ವಾಸಿಯಾಗಿ ಅಲ್ಲ, ವೈದ್ಯರು ಕೈಚೆಲ್ಲಿದ್ದಾರೆ. ಕ್ಲೈಡ್ ನದಿ ಕಾಣುವ ತನ್ನ ಮಂಚದ ಮೇಲೇ ಕಣ್ಣು ಮುಚ್ಚಬೇಕೆಂಬುದು ಆಕೆಯ ಹಟ. ನಿನ್ನೆ ಮನೆ ನೋಡಲು ಬಂದ ನರ್ಸ್ ಕೋಟು ಬಿಚ್ಚದೆಯೇ ಹೇಳಿ ಹೋಗಿದ್ದಾಳೆ: "ಕೋಣೆ ಬೆಚ್ಚಗಾಗದೆ ಇಲ್ಲಿಗೆ ಕಳಿಸಲ್ಲ."

ಸೆಂಗಾ ಏಣಿ ಹತ್ತುತ್ತಾರೆ. ಪ್ರತಿ ಮೆಟ್ಟಿಲಿಗೂ ನಿಂತು ಉಸಿರನ್ನು ಕೊಕ್ಕೆ ಹಾಕಿ ಎಳೆದುಕೊಳ್ಳಬೇಕು. ಹುಡುಗಿಯಾಗಿ ಕೆಲಸಕ್ಕೆ ಸೇರಿದಾಗ ಹಳೆಯ ಬಾಯ್ಲರ್ ಕೋಣೆಗಳ ಕೊಳವೆಗಳಿಂದ ಬಿಳಿ ಹೊದಿಕೆ ಕೆರೆದು ತೆಗೆಯುವುದೇ ಅವರ ಕಸುಬು. "ಹಿಟ್ಟಿನ ಗಿರಣಿಯಿಂದ ಬಂದಂಗೆ ಬರ್ತಿದ್ವಿ. ಉಂಡೆ ಕಟ್ಟಿ ಒಬ್ಬರ ಮೇಲೊಬ್ಬರು ಎಸೆದು ಆಡಿದ್ದೂ ಉಂಟು," ಎನ್ನುತ್ತಾರೆ. ಆ ಕಲ್ನಾರಿನ ಧೂಳು ಇವತ್ತಿಗೂ ಎದೆಯೊಳಗೆ ಬಾಡಿಗೆ ಕೊಡದೆ ಕೂತಿದೆ. ಆಗ ಜೊತೆಗೆ ಆಡಿದವರಲ್ಲಿ ಹೆಚ್ಚಿನವರು ಗುಡ್ಡದಾಚೆಯ ಸ್ಮಶಾನದಲ್ಲಿದ್ದಾರೆ. "ಏಣಿ ಹತ್ಬೇಡ ಅಂತಾರೆ ಡಾಕ್ಟ್ರು. ಸರಿ, ಊರಿನ ಟ್ಯಾಂಕಿಗಳನ್ನೆಲ್ಲ ಕೆಳಗಿಳಿಸಿ ಕೊಡ್ಲಿ."

ಅವರು ಕೊಳವೆಗಳಿಗೆ ನೀರು ತುಂಬಿಸಿಕೊಟ್ಟ ಮನೆಗಳ ಲೆಕ್ಕ ಕೇಳಬೇಡಿ. ಕ್ಲೈಡ್ ನದಿ ಎರಡು ಸಲ ಬತ್ತಿ ಮೂರನೆಯ ಸಲ ಹೆದರಿ ಸಮುದ್ರಕ್ಕೆ ಓಡಿತೆಂಬ ಮಾತುಂಟು. ಚಳಿಗಾಲದ ದಿನ ಐದು ಮನೆಯಾದರೂ ಆಗುತ್ತವೆ ಎಂಬುದು ಮಾತ್ರ ಅಪ್ಪಟ ನಿಜ. ಊಟ? ವ್ಯಾನಿನಲ್ಲಿ ತಣ್ಣಗಾದ ಒಂದು ಸಾಸೇಜು ರೋಲು.

ಅಟ್ಟದ ಟ್ಯಾಂಕಿಯಲ್ಲಿ ನೀರಿಲ್ಲ, ಸತ್ತ ಜೇಡವಿದೆ. ನೀರು ಇಳಿದಾಗ ತಾನೂ ಇಳಿದು ನಲ್ಲಿ ತೆರೆಯಬೇಕಾದ ತೇಲುಗುಂಡು ಕೊಳೆ ಕಚ್ಚಿ ಮೇಲೆಯೇ ನಿಂತಿದೆ. ಸೆಂಗಾ ಅದನ್ನು ಅಲುಗಾಡಿಸಿ ಬಿಡಿಸುತ್ತಾರೆ. ನೀರು ಧುಮುಕುತ್ತದೆ. ಕೆಳಗಿಳಿದು, ಬಾಯ್ಲರ್ ಹಚ್ಚದೆ, ಮೊದಲು ನೆಲಮಹಡಿಯ ರೇಡಿಯೇಟರ್‌ಗಳ, ಆಮೇಲೆ ಮೇಲಿನವುಗಳ ಗಾಳಿ ಬಿಡಿಸುತ್ತಾರೆ. ಈಗ ಕಾಗದ ಹಾರುತ್ತದೆ. ಹಿಂದೆಯೇ ಮಸಿಯಂಥ ನೀರು ಚಿಮ್ಮುತ್ತದೆ.

ಬಾಯ್ಲರ್ ಹೊತ್ತುತ್ತದೆ. ಮನೆಯೆಲ್ಲ ಬಿಸಿ, ನೆಟ್ಟಿಯ ಕೋಣೆಯೊಂದು ಬಿಟ್ಟು.

"ಇದೊಂದಕ್ಕೆ ಏನು ದಾಡಿ?" ಡೂಗಲ್ ತಣ್ಣನೆಯ ಕಬ್ಬಿಣವನ್ನು ತಟ್ಟುತ್ತಾರೆ.

"ಹಟ. ನಿಮ್ಮ ಹೆಂಡ್ತಿ ಕೋಣೆ ತಾನೇ?"

ಉಳಿದ ರೇಡಿಯೇಟರ್‌ಗಳನ್ನೆಲ್ಲ ಮುಚ್ಚಿ, ಇಡೀ ಮನೆಯ ನೀರು ಅದೊಂದರ ಮೂಲಕವೇ ನುಗ್ಗುವಂತೆ ಮಾಡುತ್ತಾರೆ. ಗೋಡೆಯೊಳಗೆ ಗುಡುಗುಡು. ನೀರು ಓಡಿಸುವ ಪಂಪ್ ನಿಲ್ಲಿಸಿ ಕೀಲಿ ತಿರುಗಿಸಿದರೆ ಕೊನೆಯ ಗಾಳಿ ಹೊರಬೀಳುತ್ತದೆ. ಪಂಪ್ ಮತ್ತೆ ಓಡಿದಾಗ ಕಬ್ಬಿಣ ಕೆಳಗಿನಿಂದ ಬೆಚ್ಚಗಾಗುತ್ತ ಬರುತ್ತದೆ. ಉಳಿದವನ್ನೂ ತೆರೆದು ಸೆಂಗಾ ಗೋಡೆಗೆ ಒರಗುತ್ತಾರೆ. ಮುಖ ಸೀಸದ ಬಣ್ಣಕ್ಕೆ ತಿರುಗಿದೆ.

ಆಂಬುಲೆನ್ಸ್ ಬರುತ್ತದೆ. ನರ್ಸ್ ಒಳಗೆ ಬಂದು ಕೋಟು ಬಿಚ್ಚುತ್ತಾಳೆ. ಕಂಬಳಿಯೊಳಗಿನ ಗುಬ್ಬಿಯಷ್ಟಾದ ನೆಟ್ಟಿಯನ್ನು ಮಂಚದಲ್ಲಿ ಮಲಗಿಸುತ್ತಾರೆ. ಆಕೆ ಕೈ ಚಾಚಿ ರೇಡಿಯೇಟರ್ ಮುಟ್ಟುತ್ತಾಳೆ.

"ಇದು ಡೂಗಲ್ ಕೈಕೆಲಸ ಅಲ್ಲ. ಬಿಸಿಯಾಗಿದೆ."

ಇಂಥ ಮನೆಗಳಿಂದ ಹೊರಡುವಾಗ ಮನೆಯವರ ರೇಡಿಯೇಟರ್ ಕೀಲಿ ಕಿತ್ತುಕೊಳ್ಳುವುದು ಸೆಂಗಾ ಪದ್ಧತಿ. ಹಾಗೆ ಕಿತ್ತುಕೊಂಡ ಕೀಲಿಗಳ ಭಾರಕ್ಕೆ ವ್ಯಾನು ಒಂದು ಕಡೆಗೆ ವಾಲಿಯೇ ಓಡುತ್ತದೆ. ಡೂಗಲ್ ತಪ್ಪಿತಸ್ಥರಂತೆ ತಾವಾಗಿಯೇ ಕೊಡುತ್ತಾರೆ.

"ಅವನಿಗೇ ಬಿಡಮ್ಮ," ಎನ್ನುತ್ತಾಳೆ ನೆಟ್ಟಿ. "ನಾನು ಹೋದ್ಮೇಲೆ ಆ ಕೈಗಳಿಗೆ ಏನಾದ್ರೂ ಬೇಕಲ್ಲ."

ಸೆಂಗಾ ಕೀಲಿಯನ್ನು ಮುದುಕನ ಅಂಗೈಗೆ ಮರಳಿಸಿ, ಜೇಬಿನಿಂದ ಸಿಗರೇಟು ಕಾಗದದ ಕಟ್ಟನ್ನೂ ಮೇಲಿಡುತ್ತಾರೆ.

"ಹಾರಿದ್ರೆ ಸರಿ. ಅಂಟಿಕೊಂಡ್ರೆ ತಕ್ಷಣ ಮುಚ್ಚಿ ನನಗೆ ಫೋನ್ ಮಾಡಿ."

ಹೊರಗೆ, ವ್ಯಾನಿನ ಬಾಗಿಲು ಹಿಡಿದು ಉಸಿರು ಹೊಂದಿಸಿಕೊಳ್ಳುವಾಗ, ಮುಂದಿನ ಆಸೆ ಏನೆಂದು ಕೇಳಿದರೆ ಅವರು ಅಟ್ಟದ ಕಡೆ ನೋಡುತ್ತಾರೆ.

"ಆತ ಫೋನ್ ಮಾಡಿದಾಗ ಆ ಏಣಿ ಹತ್ತೋ ಉಸಿರು ಉಳಿದಿರ್ಲಿ. ಸಾಕು."