ಬಳಚಿನ ಚಿಪ್ಪಿನ ಅಳತೆ

ಹೋದ ವಾರ ಕಾಸರಕೋಡಿನಿಂದ ಬಳಚು ಎಂಬ ಚಿಪ್ಪುಮೀನು ತಂದಿದ್ದೆ. ತೊಳೆಯುವಾಗ ದುಂಡನೆಯ ಚಿಪ್ಪೊಂದು ಕೈಜಾರಿ ಕಾಲ ಬಳಿ ಬಿತ್ತು. ನಾನು ಉಸಿರು ಹಿಡಿದು ಎಣಿಸತೊಡಗಿದೆ... ಒಂದು, ಎರಡು, ಮೂರು.

ನಮ್ಮ ಕಾಲೇಜಿನ ರೈಫಲ್ ತಂಡಕ್ಕೆ ಕಲಿಸುತ್ತಿದ್ದ ಮಾಸ್ತರರ ಕಿಸೆಯಲ್ಲಿ ಸದಾ ಇಂಥದೊಂದು ಚಿಪ್ಪು ಇರುತ್ತಿತ್ತು. ಸೈನ್ಯದಿಂದ ನಿವೃತ್ತರಾಗಿ ಮಂಕಿ ಊರಿಗೆ ಬಂದು ನೆಲೆಸಿದವರು. ನಮ್ಮದು ತಳದ ಅಂಚಿಗೆ ಪೆಟ್ಟು ಬಿದ್ದರೆ ಸಿಡಿಯುವ ಸಣ್ಣ ಗುಂಡು. ಸ್ಪರ್ಧೆಗೆ ಯಾವ ಕಂಪನಿಯ ಗುಂಡು ಒಯ್ಯಬೇಕೆಂದು ತಿಳಿಯಲು ಅವರು ಪೆಟ್ಟಿಗೆಯ ಮೇಲಿನ ಬರಹವನ್ನು ನಂಬುತ್ತಿರಲಿಲ್ಲ. ಹಳೆಯ ಚಿರೆಕಲ್ಲು ಕ್ವಾರಿಯಲ್ಲಿ ಮರಳು ಹರಡಿ, ಕಡಲಗಾಳಿ ಏಳುವ ಮೊದಲೇ, ಒಂದೇ ರೈಫಲ್ಲಿನಿಂದ ಮೂರು ಕಂಪನಿಯವನ್ನೂ ಮಲಗಿ ಹೊಡೆಯಲು ಹೇಳುತ್ತಿದ್ದರು. ಕಂಪನಿ ಬದಲಾದಾಗ ಮೊದಲ ಕೆಲವು ಲೆಕ್ಕಕ್ಕಿಲ್ಲ. ಹಿಂದಿನ ಗುಂಡುಗಳಿಗೆ ಸವರಿದ ಮೇಣ ನಳಿಗೆಯಲ್ಲಿ ಉಳಿದಿರುತ್ತದೆ. ಆಮೇಲಿನ ಐದು ಗುಂಡು ಗುರಿಹಾಳೆಯಲ್ಲಿ ಮಾಡಿದ ತೂತುಗಳ ಮೇಲೆ ಚಿಪ್ಪು ಇಡುತ್ತಿದ್ದರು. ಐದೂ ಮುಚ್ಚಿದರೆ ಒಳ್ಳೆಯ ಗುಂಡು.

ಒಂದು ದಿನ ಮೊದಲೆರಡು ಕಂಪನಿಯವು ಚಿಪ್ಪಿನಾಚೆಗೆ ಚೆದುರಿದವು. ಮೂರನೆಯದರ ನಾಲ್ಕು ತೂತುಗಳು ಒಂದರೊಳಗೊಂದು ಹೊಕ್ಕಂತೆ ಕೂತವು. ಐದನೆಯದಕ್ಕೆ ಟ್ರಿಗರ್ ಒತ್ತಿದೆ. ಟಿಕ್ ಎಂದಿತು, ಅಷ್ಟೇ. ಗುಂಡು ಹಾರದಿದ್ದರೆ ನಳಿಗೆಯನ್ನು ಗುರಿಯತ್ತಲೇ ಇಟ್ಟು ಮೂವತ್ತು ಎಣಿಸಬೇಕೆಂದು ಅವರು ಎಷ್ಟು ಸಲ ಹೇಳಿದ್ದರೋ... ಮರೆತೆ. ರೈಫಲ್ ಹಿಡಿದೇ ಅವರತ್ತ ಹೊರಳಿ, "ಮಾಸ್ತರೆ, ಇದು ಹೊಡಿಲಿಲ್ಲ" ಎಂದೆ.

ಅವರು ಹಿಂದೆ ಸರಿಯಲಿಲ್ಲ, ಕೂಗಲಿಲ್ಲ. ಬಗ್ಗಿ ಅಂಗೈಯಿಂದ ನಳಿಗೆಯನ್ನು ಮರಳಿಗೆ ಒತ್ತಿದರು. ಆಗ ಸಿಡಿಯಿತು.

ಅವರ ಕಾಲ ಹೆಬ್ಬೆರಳ ಪಕ್ಕದಲ್ಲೇ ಮರಳಿನಲ್ಲಿ ಕುಳಿ. ಅವರು ರೈಫಲ್ ತೆಗೆದುಕೊಂಡು ಖಾಲಿ ಮಾಡಿ ಬದಿಗಿಟ್ಟರು. ಕಿಸೆಯಿಂದ ಚಿಪ್ಪು ತೆಗೆದು ಬೆರಳಿಗೂ ಕುಳಿಗೂ ನಡುವೆ ಇಟ್ಟು ನೋಡಿದರು. ಸರಿಯಾಗಿ ಕೂತಿತು.

"ಎಂತ ಮಾರಾಯ, ಐದನೇದೂ ಚಿಪ್ಪಿನ ಅಳತೆಗೇ ಹೊಡ್ದ್ಯಲ್ಲ!"

ಬೈಯಲೇ ಇಲ್ಲ. ಆಗ ಎದ್ದರೆ ನಾನು ಮತ್ತೆಂದೂ ಕೋವಿ ಮುಟ್ಟಲಾರೆನೆಂದು ಅವರಿಗೆ ಅನಿಸಿರಬೇಕು, ಅಲ್ಲೇ ಮಲಗಿಸಿ ಎರಡನೇ ಕಂಪನಿಯ ಐದು ಗುಂಡು ಹೊಡೆಯಲು ಹಚ್ಚಿದರು. ಅವರ ಪುಸ್ತಕದಲ್ಲಿ ಮೂರನೆಯದರ ಮುಂದೆ ಹೀಗೆ ಬರೆದದ್ದು ನೋಡಿದೆ: ಗುರಿ ಉತ್ತಮ. ಒಂದು ತಡ. ಬೇಡ.

ಸ್ಪರ್ಧೆಗೆ ಚೆದುರುವ ಗುಂಡನ್ನೇ ಒಯ್ದೆವು. ಸೋಲುತ್ತೇವೆಂದು ಗೊಣಗಿದವರಿಗೆ ಅವರು ಹೇಳಿದ್ದು ಇಷ್ಟೇ: "ಗುರಿ ತಪ್ಪಿದ್ರೆ ಅಂಕ ಹೋಗ್ತದೆ. ಆತು."

ಸೋತೆವು.

ಅವರು ತೀರಿಕೊಂಡ ಸುದ್ದಿ ನನಗೆ ತಿಂಗಳುಗಳ ನಂತರ ತಿಳಿಯಿತು. ಅಂದು ತಪ್ಪಾಯಿತೆನ್ನಲು ನಾಲಿಗೆ ಹೊರಳಿರಲಿಲ್ಲ. ಆಮೇಲೂ ಹೇಳಲಿಲ್ಲ...

ಬಿದ್ದ ಚಿಪ್ಪನ್ನು ನನ್ನ ಕಾಲ ಹೆಬ್ಬೆರಳ ಪಕ್ಕ ಇಟ್ಟು ನೋಡಿದೆ. ಇಷ್ಟೇ ಜಾಗ. ಮೂವತ್ತು ಎಣಿಸಿ ಮುಗಿಯುವವರೆಗೆ ಕಾಲು ಅಲುಗಿಸಲಿಲ್ಲ.